ಕಾಗದದ ಮೇಲಿನ ಝಗಮಗ

1894ರ ಏಪ್ರಿಲ್ 17ರಂದು ಅಮೆರಿಕದ ಪೇಟೆಂಟ್ ಕಚೇರಿ ನರ್ತಕಿಯರ ಉಡುಪೊಂದಕ್ಕೆ ಪೇಟೆಂಟ್ ಕೊಟ್ಟಿತು. ಪಡೆದವರು ಲೋಯಿ ಫುಲ್ಲರ್. ಅದಕ್ಕೆ ಎರಡು ವರ್ಷ ಮೊದಲು ಪ್ಯಾರಿಸ್ಸಿನ ಫೋಲಿ ಬರ್ಜೇರ್ ರಂಗಮಂದಿರದಲ್ಲಿ ರಾಶಿ ರೇಷ್ಮೆಯನ್ನು ಗಾಳಿಯಲ್ಲಿ ಬೀಸುತ್ತ, ಬಣ್ಣದ ದೀಪಗಳ ನಡುವೆ ಒಮ್ಮೆ ಹೂವಾಗಿ, ಒಮ್ಮೆ ಚಿಟ್ಟೆಯಾಗಿ, ಮತ್ತೊಮ್ಮೆ ಬೆಂಕಿಯ ನಾಲಿಗೆಯಾಗಿ ಕಂಡು ಊರನ್ನೇ ಮರುಳು ಮಾಡಿದವರು ಅವರು. ಪೇಟೆಂಟಿನ ಚಿತ್ರದಲ್ಲಿ ಮಾತ್ರ ಆ ಮಾಯೆಯ ಸುಳಿವಿಲ್ಲ. ಬರೀ ಕಪ್ಪು ಗೆರೆ. ತಲೆಯ ಸುತ್ತ ಒಂದು ಪಟ್ಟಿ, ಅದರಿಂದ ಇಳಿಬಿಟ್ಟ ಬಟ್ಟೆ, ಬಟ್ಟೆಯೊಳಗೆ ಎರಡು ಕೋಲು, ಅಷ್ಟೆ. ಕೋಲು ಹಿಡಿದರೆ ತೋಳು ಉದ್ದವಾಗುತ್ತದೆ. ತೋಳು ಉದ್ದವಾದಷ್ಟೂ ಬಟ್ಟೆಯ ಅಲೆ ದೊಡ್ಡದಾಗುತ್ತದೆ. ಪ್ಯಾರಿಸ್ ಕಂಡ ಚಿಟ್ಟೆಯ ಗುಟ್ಟೆಲ್ಲ ಆ ಎರಡು ಕೋಲುಗಳಲ್ಲಿತ್ತು. ಚಿತ್ರ ಅದನ್ನು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ.

ರಂಗದ ಉಡುಪಿನ ಚಿತ್ರವೆಂದರೆ ನಮಗೆ ನೆನಪಾಗುವುದು ಇಂಥದ್ದಲ್ಲ. ಕಪ್ಪು ಹಿನ್ನೆಲೆ, ಅದರ ಮೇಲೆ ಬಳುಕುವ ಒಬ್ಬ ಹೆಣ್ಣು, ತಲೆಯ ಮೇಲೆ ಗರಿಗಳ ಕಾರಂಜಿ, ಕಾಲಬಳಿ ಹರಡಿದ ಮುತ್ತಿನ ಸೆರಗು. ಈ ಹಳೆಯ ಶೈಲಿ ಈಗ ಮತ್ತೆ ಬಹಳ ಜನರನ್ನು ಸೆಳೆಯುತ್ತಿದೆ. ಫ್ಯಾಶನ್ ಕಾಲೇಜಿನ ಮಕ್ಕಳು, ನೃತ್ಯ ತಂಡಗಳಿಗೆ ಉಡುಪು ಮಾಡಿಕೊಡುವವರು, ಟ್ಯಾಬ್ಲೆಟ್ಟಿನ ಮೇಲೆ ಬಿಡುವಿನಲ್ಲಿ ಬರೆಯುವವರು, ಎಲ್ಲರೂ 1920ರ ಪ್ಯಾರಿಸ್ಸಿಗೆ, 1930ರ ಹಾಲಿವುಡ್‌ಗೆ, 1960ರ ಲಾಸ್ ವೇಗಸ್‌ಗೆ ತಿರುಗುತ್ತಿದ್ದಾರೆ. ಆ ಕಾಲದಿಂದ ಅವರು ತೆಗೆದುಕೊಳ್ಳಬೇಕಾದದ್ದು ಏನು ಎಂಬುದು ಇಲ್ಲಿರುವ ಪ್ರಶ್ನೆ. ಆಕಾರವನ್ನು ಎತ್ತಿಕೊಳ್ಳುವುದು ಸುಲಭ. ಆ ಆಕಾರದ ಹಿಂದಿದ್ದ ಲೆಕ್ಕವೇ ನಿಜವಾದ ಆಸ್ತಿ ಎಂದು ನಾನು ನಂಬುತ್ತೇನೆ. ಭಾರ ಎಲ್ಲಿ ಕೂರುತ್ತದೆ, ಬೆಳಕು ಎಲ್ಲಿ ಬೀಳುತ್ತದೆ, ಇದನ್ನು ಹೊಲಿಯುವ ಕೈ ಯಾವುದು, ಇಷ್ಟನ್ನು ಬಲ್ಲ ಗೆರೆ ನೂರು ವರ್ಷವಾದರೂ ಮಾಸುವುದಿಲ್ಲ.

ಈ ಪರಂಪರೆಯಲ್ಲಿ ಚಿತ್ರಕ್ಕೆ ಸ್ವಂತ ಮರ್ಯಾದೆ ತಂದುಕೊಟ್ಟವರಲ್ಲಿ ಮೊದಲ ಹೆಸರು ರಷ್ಯದ ಕಲಾವಿದ ಲಿಯಾನ್ ಬಾಕ್ಸ್ಟ್ ಅವರದು. ಡಿಯಾಗಿಲೆವ್ ಅವರ ಬ್ಯಾಲೆ ರೂಸ್ ತಂಡಕ್ಕಾಗಿ 1910ರಲ್ಲಿ ಅವರು ಸಿದ್ಧಪಡಿಸಿದ 'ಶೆಹೆರಜಾದೆ' ಪ್ಯಾರಿಸ್ಸಿನ ಕಣ್ಣನ್ನೇ ಬದಲಿಸಿತು. ಅವರ ಚಿತ್ರದಲ್ಲಿ ಯಾರೂ ಸುಮ್ಮನೆ ನಿಂತಿರುವುದಿಲ್ಲ. ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ, ಮೇಲುವಸ್ತ್ರ ಮೂರನೆಯ ಕಡೆ ಹಾರುತ್ತಿರುತ್ತದೆ. ನರ್ತಕಿ ತಿರುಗಿದಾಗ ಈ ಬಟ್ಟೆ ಏನು ಮಾಡುತ್ತದೆ ಎಂಬುದನ್ನು ಅವರು ಮೊದಲೇ ಬರೆದಿಟ್ಟಿದ್ದಾರೆ. ನಿಂತ ಬೊಂಬೆಗೆ ಉಡಿಸಿದಂತೆ ಬರೆದ ಚಿತ್ರದಿಂದ ಹೊಲಿದ ಉಡುಪು ರಂಗದ ಮೇಲೆ ನಿಂತಾಗಷ್ಟೇ ಚೆಂದ. ಬಾಕ್ಸ್ಟ್ ಅವರ ಉಡುಪು ಕುಣಿದಾಗ ಪೂರ್ಣವಾಗುತ್ತಿತ್ತು.

ಉಳಿದುಬಂದ ಆ ಉಡುಪುಗಳಲ್ಲಿ ಅನೇಕವು ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲೂ ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿಯಲ್ಲೂ ಇವೆ. ಹತ್ತಿರದಿಂದ ನೋಡಿದರೆ ಅವು ಅರಮನೆಯ ವಸ್ತ್ರಗಳಲ್ಲ. ಬಟ್ಟೆಯ ಮೇಲೆ ಅಚ್ಚು ಇಟ್ಟು ಬಣ್ಣ ಬಳಿದದ್ದು, ಬೇರೆ ಬಟ್ಟೆ ಕತ್ತರಿಸಿ ಮೇಲೆ ಕೂರಿಸಿ ಹೊಲಿದದ್ದು, ದೊಡ್ಡ ದೊಡ್ಡ ವಿನ್ಯಾಸ. ದೂರದಲ್ಲಿ ಕೂತ ಪ್ರೇಕ್ಷಕನ ಕಣ್ಣಿಗೆ ಎಷ್ಟು ಬೇಕೋ ಅಷ್ಟೇ ಕೆಲಸ. ಅವುಗಳಲ್ಲಿ ಹಲವನ್ನು ಹೊಲಿಸಿಕೊಟ್ಟವರು ಪ್ಯಾರಿಸ್ಸಿನ ಮಾರಿ ಮ್ಯುಯೆಲ್. ಬಾಕ್ಸ್ಟ್ ಹೆಸರು ಬಲ್ಲವರು ಸಾವಿರ ಜನ ಸಿಕ್ಕರೆ ಮ್ಯುಯೆಲ್ ಹೆಸರು ಕೇಳಿದವರು ಒಬ್ಬರು ಸಿಗುವುದೂ ಕಷ್ಟ.

ಇದೇ ಬಾಕ್ಸ್ಟ್ 1912ರಲ್ಲಿ 'ನೀಲಿ ದೇವರು' ಎಂಬ ಭಾರತದ ಕಥಾವಸ್ತುವಿನ ಬ್ಯಾಲೆಗೂ ಉಡುಪು ಬರೆದರು. ದೇವರಾಗಿ ಕುಣಿದವರು ನಿಜಿನ್‌ಸ್ಕಿ. ಅದು ಓಡಲಿಲ್ಲ. ಆ ಭಾರತದಲ್ಲಿ ಸಯಾಮಿನ ನರ್ತಕರಿದ್ದಾರೆ, ಪರ್ಷಿಯಾದ ಚಿತ್ರಪಟವಿದೆ, ಯುರೋಪಿನ ಹಗಲುಗನಸಿದೆ, ನಮ್ಮ ಯಾವ ಊರೂ ಇಲ್ಲ. ಉಡುಪಿನ ಚಿತ್ರವಾಗಿ ಅದು ಮನೋಹರ. ಆದರೆ ಆ ಕಾಲದ ವೈಭವವನ್ನು ಇಂದು ಮತ್ತೆ ಬರೆಯುವವರು ಇದನ್ನು ಕಣ್ಣುಮುಚ್ಚಿ ಒಪ್ಪಬಾರದು. ಇಂಥದೇ ಇನ್ನೊಂದು ಉದಾಹರಣೆ: 1926ರಲ್ಲಿ ಫೋಲಿ ಬರ್ಜೇರ್ ವೇದಿಕೆಗೆ ನರ್ತಕಿ ಜೋಸೆಫಿನ್ ಬೇಕರ್ ಬಾಳೆಹಣ್ಣಿನ ಲಂಗ ತೊಟ್ಟು ಬಂದರು. ಕಪ್ಪು ಹೆಣ್ಣೆಂದರೆ ಕಾಡು ಎಂಬ ಬಿಳಿಯರ ಕಲ್ಪನೆಯಿಂದ ಹುಟ್ಟಿದ ಉಡುಪು ಅದು. ಬೇಕರ್ ತಮ್ಮ ಪ್ರತಿಭೆಯಿಂದ ಅದನ್ನು ಮೀರಿ ನಿಂತರು, ಉಡುಪು ಅಲ್ಲೇ ಉಳಿಯಿತು. ಅದನ್ನು ಈಗ ಸುಮ್ಮನೆ ಮುದ್ದಾದ ಹಳೆಯ ಫ್ಯಾಶನ್ ಎಂದು ಬರೆಯುವುದು ನನಗೆ ಸರಿಕಾಣುವುದಿಲ್ಲ.

ಎರ್ಟೆ ಅವರಿಗೆ ಬರೋಣ. 1892ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದ ರೋಮಾನ್ ದ ತಿರ್ತೋಫ್, ಪ್ಯಾರಿಸ್ಸಿಗೆ ಬಂದು ಫ್ಯಾಶನ್ ಡಿಸೈನರ್ ಪಾಲ್ ಪೊಯಿರೆಯವರ ಕೈಕೆಳಗೆ ಕೆಲಸ ಕಲಿತು, 1915ರಿಂದ ಎರಡು ದಶಕ 'ಹಾರ್ಪರ್ಸ್ ಬಜಾರ್' ಪತ್ರಿಕೆಗೆ ಇನ್ನೂರಕ್ಕೂ ಹೆಚ್ಚು ಮುಖಪುಟ ಬರೆದವರು. ಜೊತೆಜೊತೆಗೇ ಫೋಲಿ ಬರ್ಜೇರ್‌ಗೆ, ನ್ಯೂಯಾರ್ಕಿನ ಜಾರ್ಜ್ ವೈಟ್ ಅವರ 'ಸ್ಕ್ಯಾಂಡಲ್ಸ್' ಪ್ರದರ್ಶನಗಳಿಗೆ ಉಡುಪುಗಳನ್ನು ಬರೆದರು. ಮಾಧ್ಯಮ ಗುವಾಶ್, ಅಂದರೆ ನೀರಿನಲ್ಲಿ ಕಲಸುವ ದಪ್ಪ ಬಣ್ಣ. ಕೂದಲೆಳೆಯಷ್ಟು ಸಣ್ಣ ಗೆರೆ, ಅಲ್ಲಲ್ಲಿ ಚಿನ್ನ ಬೆಳ್ಳಿಯ ಲೇಪ. ಒಂದೊಂದು ಮಣಿಯನ್ನೂ ಬಿಡದೆ ಬರೆಯುತ್ತಿದ್ದರು. ಹಲವು ಹೆಂಗಸರ ಉಡುಪುಗಳು ಸೇರಿ ಇಡೀ ವೇದಿಕೆಗೆ ಒಂದೇ ಪರದೆಯಾಗುವ 'ಜೀವಂತ ಪರದೆ'ಗಳು ಅವರ ಕಲ್ಪನೆ. ಅಲ್ಲಿ ಒಬ್ಬೊಬ್ಬರ ಉಡುಪನ್ನು ಬಿಡಿಯಾಗಿ ನೋಡಿದರೆ ಅರ್ಥವಿಲ್ಲ, ಸಾಲಾಗಿ ನಿಂತಾಗಲೇ ಚಿತ್ರ ಮೂಡುತ್ತದೆ.

ಇಷ್ಟೆಲ್ಲ ಮಾಡಿದ ಎರ್ಟೆ 1925ರಲ್ಲಿ ಎಂಜಿಎಂ ಸ್ಟುಡಿಯೋದ ಕರೆಯ ಮೇಲೆ ಹಾಲಿವುಡ್‌ಗೆ ಹೋಗಿ ಹೆಚ್ಚು ದಿನ ನಿಲ್ಲಲಿಲ್ಲ. 'ಲಾ ಬೊಹೆಮ್' ಚಿತ್ರದ ಬಡ ನಾಯಕಿ ಮಿಮಿಗೆ ಅವರು ಸಾದಾ ಹತ್ತಿಬಟ್ಟೆ ಹೇಳಿದರು. ನಟಿ ಲಿಲಿಯನ್ ಗಿಶ್ ಒಪ್ಪಲಿಲ್ಲ. ಸವೆದ ಹಳೆಯ ರೇಷ್ಮೆಯೇ ಬೇಕೆಂದು ಹಠ ಹಿಡಿದರು. ಈ ಜಗಳದಲ್ಲಿ ನನ್ನ ಮತ ಗಿಶ್ ಅವರಿಗೆ. ಹೊಸ ಹತ್ತಿ ಕ್ಯಾಮೆರಾದ ಮುಂದೆ ಗಂಜಿ ಹಾಕಿದಂತೆ ಸೆಟೆದು ನಿಲ್ಲುತ್ತದೆ, ಸವೆದ ರೇಷ್ಮೆ ಮೈಗೆ ಒರಗಿ ಬಡತನವನ್ನು ತಾನೇ ಹೇಳುತ್ತದೆ. ಬಟ್ಟೆ ಯಾವುದೆಂದು ಕಥೆಯಲ್ಲಿ ಹೇಳುವುದು ಬೇರೆ, ಅದು ಬೆಳಕಿನಲ್ಲಿ ಹೇಗೆ ಕಾಣುತ್ತದೆ ಎಂಬುದು ಬೇರೆ. ಎರ್ಟೆ ಅವರ ಚಿತ್ರಗಳಿಗೆ ಕಲಾಕೃತಿಯ ಸ್ಥಾನ ಮುಂದೆ ಸಿಕ್ಕಿತು. 1967ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅವರ ಒಂದು ಪ್ರದರ್ಶನವನ್ನು ಇಡಿಯಾಗಿ ಕೊಂಡುಕೊಂಡಿತು. ಅಲ್ಲಿಂದಾಚೆಗೆ ಎರ್ಟೆ ಎಂದರೆ ಗೋಡೆಗೆ ತೂಗುಹಾಕುವ ಚಿತ್ರ ಎಂದಾಯಿತು, ಅವರನ್ನು ಅನುಕರಿಸುವವರೂ ಗೋಡೆಗೇ ಬರೆಯತೊಡಗಿದರು.

ಗೋಡೆಗೂ ವೇದಿಕೆಗೂ ನಡುವೆ ಮೆಟ್ಟಿಲುಗಳಿವೆ. ನ್ಯೂಯಾರ್ಕಿನಲ್ಲಿ 1907ರಿಂದ ನಡೆದ 'ಜೀಗ್‌ಫೆಲ್ಡ್ ಫಾಲೀಸ್' ಪ್ರದರ್ಶನದಲ್ಲಿ ಹುಡುಗಿಯರು ಎತ್ತರದ ಮೆಟ್ಟಿಲಿಳಿದು ಬರುವುದೇ ದೊಡ್ಡ ಆಕರ್ಷಣೆ. 1915ರಿಂದ ಅಲ್ಲಿಗೆ ಉಡುಪು ಮಾಡಿದವರಲ್ಲಿ 'ಲೂಸಿಲ್' ಎಂಬ ಹೆಸರಿನ ಲೇಡಿ ಡಫ್ ಗಾರ್ಡನ್ ಮುಖ್ಯರು. ಇಕ್ಕಟ್ಟಾದ ಮೆಟ್ಟಿಲು, ನೆಲಕ್ಕೆ ಎಳೆಯುವ ಸೆರಗು, ತಲೆಯ ಮೇಲೆ ಹೊರೆ. ನೋಡಿಕೊಂಡು ಇಳಿಯಲು ತಲೆ ಬಗ್ಗಿಸುವಂತಿಲ್ಲ, ಬಗ್ಗಿಸಿದರೆ ಕಿರೀಟ ಬೀಳುತ್ತದೆ. ನೃತ್ಯ ನಿರ್ದೇಶಕ ನೆಡ್ ವೇಬರ್ನ್ ಅದಕ್ಕೆಂದೇ ಒಂದು ನಡಿಗೆ ಕಲಿಸಿದರು. ಸೊಂಟ ಒಂದು ಬದಿಗೆ, ಭುಜ ಎದುರು ಬದಿಗೆ, ಓರೆಯಾಗಿ ಒಂದೊಂದೇ ಮೆಟ್ಟಿಲು. ಪ್ರೇಕ್ಷಕರು ಅದನ್ನು ಬೆಡಗು ಎಂದುಕೊಂಡರು. ಅದು ಬೆಡಗೂ ಹೌದು, ಬೀಳದಿರುವ ಉಪಾಯವೂ ಹೌದು. ಪ್ಯಾರಿಸ್ಸಿನಲ್ಲಿ ರಂಗತಾರೆ ಮಿಸ್ತಿಂಗೆತ್ ಇಂಥದೇ ಮೆಟ್ಟಿಲು ಇಳಿಯುತ್ತಿದ್ದರು. ಅವರಿಗೆ ಗರಿಗಳ ಪರ್ವತಗಳನ್ನು ಬರೆದುಕೊಟ್ಟ ಷಾರ್ಲ್ ಜೆಸ್ಮಾರ್ 1928ರಲ್ಲಿ, ಮೂವತ್ತು ತುಂಬುವ ಮೊದಲೇ, ತೀರಿಕೊಂಡರು.

ಭಾರದ ಮಾತು ಬಂದಾಗ ಲಾಸ್ ವೇಗಸ್ ಬಿಡುವಂತಿಲ್ಲ. 1958ರಲ್ಲಿ ಸ್ಟಾರ್‌ಡಸ್ಟ್ ಹೋಟೆಲಿಗೆ 'ಲಿಡೊ ದ ಪಾರಿ' ಬಂತು, 1959ರಲ್ಲಿ ಟ್ರಾಪಿಕಾನಾ ಹೋಟೆಲಿಗೆ 'ಫೋಲಿ ಬರ್ಜೇರ್' ಬಂತು. ಈ ಎರಡನೆಯದು 2009ರವರೆಗೆ ನಡೆಯಿತು. 1981ರಲ್ಲಿ ಶುರುವಾಗಿ 2016ರಲ್ಲಿ ನಿಂತ 'ಜೂಬಿಲಿ' ಆ ಸಾಲಿನ ಕೊನೆಯ ದೊಡ್ಡ ಪ್ರದರ್ಶನ. ಬಾಬ್ ಮ್ಯಾಕಿ ಮತ್ತು ಪೀಟ್ ಮೆನೆಫಿ ಬರೆದ ಅದರ ಉಡುಪುಗಳಲ್ಲಿ ಹತ್ತು ಕಿಲೋ ಮೀರಿದ ತಲೆಯುಡುಗೆಗಳಿದ್ದವು. ಕುಣಿಯುವವಳು ನಗುನಗುತ್ತ ಅದನ್ನು ಹೊರಬೇಕು. ಇಂಥ ಪ್ರದರ್ಶನಗಳಲ್ಲಿ ಗರಿಯ ಬೀಸಣಿಗೆ ಬೆನ್ನಿಗೆ ನಿಲ್ಲುವುದು ತಂತಿ ಮತ್ತು ಲೋಹದ ಚೌಕಟ್ಟಿನ ಮೇಲೆ. ಚೌಕಟ್ಟು ಭುಜ ಮತ್ತು ಸೊಂಟಕ್ಕೆ ಪಟ್ಟಿಗಳಿಂದ ಬಿಗಿಯಾಗಿರುತ್ತದೆ. ಪಟ್ಟಿಯನ್ನು ಮರೆಮಾಡಲೆಂದೇ ಕೊರಳಿನ ಹಾರ, ಎದೆಯ ಆಭರಣ, ಸೊಂಟದ ಡಾಬು ಬರುತ್ತವೆ. ಎಷ್ಟೋ ಉಡುಪುಗಳಲ್ಲಿ ಒಡವೆ ಇರುವ ಜಾಗವೇ ಭಾರ ಇಳಿಯುವ ಜಾಗ. ಇದು ಗೊತ್ತಿಲ್ಲದೆ ಬರೆದ ಚಿತ್ರಗಳಲ್ಲಿ ಗರಿ ಬರಿಯ ಬೆನ್ನಿನಿಂದ ತಾನಾಗಿ ಚಿಗುರಿದಂತೆ ಕಾಣುತ್ತದೆ, ನೋಡಿದ ಕೂಡಲೇ ಸುಳ್ಳೆಂದು ತಿಳಿಯುತ್ತದೆ. ನೆವಾಡಾ ವಿಶ್ವವಿದ್ಯಾಲಯದ ಲಾಸ್ ವೇಗಸ್ ಗ್ರಂಥಾಲಯ ಷೋಗರ್ಲ್‌ಗಳ ಉಡುಪಿನ ಚಿತ್ರಗಳನ್ನು ಸಂಗ್ರಹಿಸಿಟ್ಟಿದೆ. ಕಲಿಯುವವರು ಮೊದಲು ನೋಡಬೇಕಾದದ್ದು ಅಂಥ ಕೆಲಸದ ಕಾಗದಗಳನ್ನು.

ಗರಿಯ ಬಗ್ಗೆ ಇನ್ನೊಂದು ಮಾತು. ಹಳೆಯ ಚಿತ್ರದಲ್ಲಿ ಕಾಣುವ ಪ್ರತಿ ಗರಿಗೂ ಒಂದು ಹಕ್ಕಿಯ ಲೆಕ್ಕವಿದೆ. ಉಷ್ಟ್ರಪಕ್ಷಿಯನ್ನು ಸಾಕಿ, ಕೊಲ್ಲದೆ ಗರಿ ತೆಗೆಯಬಹುದು. ಬೆಳ್ಳಕ್ಕಿಯ ಗರಿಗೆ ಹಾಗಲ್ಲ, ಗೂಡು ಕಟ್ಟುವ ಕಾಲದಲ್ಲೇ ಅದನ್ನು ಕೊಲ್ಲುತ್ತಿದ್ದರು. ಭಾರತದ ಬ್ರಿಟಿಷ್ ಸರ್ಕಾರ ಹಕ್ಕಿಗಳ ಚರ್ಮ ಮತ್ತು ಗರಿಗಳ ರಫ್ತನ್ನು 1902ರಲ್ಲೇ ನಿಷೇಧಿಸಿತು. ಬ್ರಿಟನ್ ಆಮದು ತಡೆಯುವ ಕಾನೂನು ತಂದದ್ದು 1921ರಲ್ಲಿ. ಇಂದು ಬರೆಯುವವರು ಗರಿ ಯಾವ ಹಕ್ಕಿಯದೆಂದು ತಿಳಿದು ಬರೆದರೆ ಒಳ್ಳೆಯದು. ಹುಂಜದ ಗರಿ ಬಾಗುವ ರೀತಿ ಬೇರೆ, ಉಷ್ಟ್ರಪಕ್ಷಿಯದು ತೂಗುವ ರೀತಿ ಬೇರೆ. 1932ರ 'ಶಾಂಘೈ ಎಕ್ಸ್‌ಪ್ರೆಸ್' ಚಿತ್ರದಲ್ಲಿ ಟ್ರಾವಿಸ್ ಬ್ಯಾಂಟನ್ ಅವರು ಮಾರ್ಲೀನ್ ಡೀಟ್ರಿಚ್‌ಗೆ ಕಪ್ಪು ಹುಂಜದ ಗರಿ ಸುತ್ತಿದ್ದರು. ಕಪ್ಪು ಬಿಳುಪು ಚಿತ್ರದಲ್ಲಿ ಅದು ಬರೀ ಕಪ್ಪಾಗಿ ಉಳಿಯಲಿಲ್ಲ, ಪ್ರತಿ ಎಳೆಯ ತುದಿಯಲ್ಲೂ ಬೆಳಕು ಮಿನುಗಿತು.

ಕಪ್ಪು ಬಿಳುಪಿನ ಹಾಲಿವುಡ್ ಈ ವಿದ್ಯೆಯ ದೊಡ್ಡ ಪಾಠಶಾಲೆ. ಬಣ್ಣ ಕಾಣದ ಕಡೆ ಬಟ್ಟೆಯ ಮೈಗುಣವೇ ಎಲ್ಲ. 1933ರ 'ಡಿನ್ನರ್ ಅಟ್ ಏಟ್' ಚಿತ್ರದಲ್ಲಿ ಜೀನ್ ಹಾರ್ಲೋ ತೊಟ್ಟ ಬಿಳಿ ಸ್ಯಾಟಿನ್ ಗೌನು ಡಿಸೈನರ್ ಏಡ್ರಿಯನ್ ಅವರದು. ಅದರ ರಹಸ್ಯ ನಮ್ಮ ಟೈಲರ್‌ಗಳೂ ಬಲ್ಲ ಕ್ರಾಸ್ ಕಟಿಂಗ್. ಎಳೆಗೆ ಓರೆಯಾಗಿ ಕತ್ತರಿಸಿದ ಬಟ್ಟೆ ಮೈಯನ್ನು ಹಿಡಿದು ಇಳಿಯುತ್ತದೆ. ಪ್ಯಾರಿಸ್ಸಿನ ಮದ್ಲೆನ್ ವಿಯೊನೆ ಅದನ್ನು ಆಗಲೇ ಸಿದ್ಧಿಯ ಮಟ್ಟಕ್ಕೆ ಒಯ್ದಿದ್ದರು. ಚಿತ್ರದಲ್ಲಿ ಇದನ್ನು ತೋರಿಸುವುದು ಹೇಗೆ? ನೆರಿಗೆ ಸೊಂಟದಿಂದ ನೇರ ಕೆಳಗಿಳಿದರೆ ಬಟ್ಟೆ ನೇರ ಎಳೆಯಲ್ಲಿದೆ ಎಂದರ್ಥ. ಮೈಯನ್ನು ಸುತ್ತಿಕೊಂಡು ಓರೆಯಾಗಿ ಇಳಿದು ಮೊಣಕಾಲಿನ ಕೆಳಗೆ ಅರಳಿದರೆ ಕ್ರಾಸ್. ನಾಲ್ಕು ಗೆರೆ ಸಾಕು, ಕಟರ್‌ಗೆ ಎಲ್ಲ ತಿಳಿಯುತ್ತದೆ. ಆ ನಾಲ್ಕು ಗೆರೆ ತಪ್ಪಿದರೆ ಪುಟ ತುಂಬ ಬರೆದ ವಿವರಣೆಯೂ ನೆರವಾಗದು.

ಹೊಳಪಿಗೂ ಕಾಲವಿದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. 1930ರ ಸುಮಾರಿನ ಚಮಕಿಗಳಲ್ಲಿ ಹಲವು ಜೆಲಟಿನ್‌ನಿಂದ ಮಾಡಿದವು. ಹಗುರ, ಒಳಗಿನಿಂದ ಬೆಳಗುವಂಥ ಹೊಳಪು. ಆದರೆ ನೀರು ತಾಗಿದರೆ, ಬಿಸಿ ಹೆಚ್ಚಾದರೆ ಕರಗುತ್ತವೆ. ಕುಣಿದು ಬೆವರಿದವಳ ಕಂಕುಳ ಬಳಿ ಅವು ಅಂಟಾಗುತ್ತಿದ್ದವು. ಪ್ಲಾಸ್ಟಿಕ್ ಚಮಕಿ ಬಂದ ಮೇಲೆ ಆ ಕಷ್ಟ ಹೋಯಿತು, ಆ ಹಳೆಯ ಮಂದ ಬೆಳಕೂ ಹೋಯಿತು. ಕಾಮನಬಿಲ್ಲಿನಂತೆ ಬಣ್ಣ ಬದಲಿಸುವ 'ಅರೋರಾ ಬೋರಿಯಾಲಿಸ್' ಹರಳನ್ನು ಸ್ವರೋಸ್ಕಿ ಕಂಪನಿ ಕ್ರಿಶ್ಚಿಯನ್ ಡಿಯೋರ್ ಜೊತೆ ಸೇರಿ ತಂದದ್ದು 1956ರಲ್ಲಿ. 1925ರ ಉಡುಪೆಂದು ಹೇಳಿ ಅದರ ಮೇಲೆ ಏಳು ಬಣ್ಣದ ಮಿಂಚು ಹಾಕಿದರೆ ಕಾಲ ಕೂಡಿಬರುವುದಿಲ್ಲ. ಸ್ಫೂರ್ತಿ ಪಡೆದ ಚಿತ್ರಕ್ಕೆ ಇಷ್ಟು ಕಟ್ಟುನಿಟ್ಟು ಯಾಕೆ ಎನ್ನಬಹುದು. ತಿಳಿದು ಮುರಿದರೆ ಅದು ಸ್ವಾತಂತ್ರ್ಯ, ತಿಳಿಯದೆ ಮುರಿದರೆ ಬರೀ ಗೊಂದಲ.

ಈಗ ಕಾಗದದಿಂದ ಬಟ್ಟೆಗೆ. ಮಣಿಕೆಲಸಕ್ಕೆ ಫ್ರಾನ್ಸಿನಲ್ಲಿ ಬಳಸುವುದು ಲ್ಯೂನೆವಿಲ್ ಊರಿನ ಹೆಸರಿನ ಕೊಕ್ಕೆಸೂಜಿ. ಕೊಕ್ಕೆಯಿಂದ ಸರಪಳಿ ಹೊಲಿಗೆ ಹಾಕುವ ಕೆಲಸ ಯುರೋಪಿಗೆ ಹದಿನೆಂಟನೆಯ ಶತಮಾನದಲ್ಲಿ ಪೂರ್ವದೇಶಗಳಿಂದ ಹೋದದ್ದು. ನಮ್ಮ ಆರಿ ಸೂಜಿ ಅದರ ಹತ್ತಿರದ ನೆಂಟ. ಇಂದು ಕರ್ನಾಟಕದ ಯಾವ ಊರಿಗೆ ಹೋದರೂ ಮದುವೆ ಬ್ಲೌಸಿಗೆ ಆರಿ ವರ್ಕ್ ಮಾಡುವ ಒಂದು ಅಂಗಡಿ ಇರುತ್ತದೆ. ಅಲ್ಲಿ ನಡೆಯುವುದನ್ನು ನೋಡಿದವರಿಗೆ ಪ್ಯಾರಿಸ್ಸಿನ ಕೆಲಸವೂ ಅರ್ಥವಾಗುತ್ತದೆ. ಡಿಸೈನನ್ನು ಮೊದಲು ನಿಜವಾದ ಅಳತೆಗೆ ಟ್ರೇಸಿಂಗ್ ಕಾಗದದ ಮೇಲೆ ಬರೆಯುತ್ತಾರೆ. ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು ಹಾಕುತ್ತಾರೆ. ಕಾಗದವನ್ನು ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲಿಟ್ಟು ಪುಡಿಯನ್ನು ಉಜ್ಜುತ್ತಾರೆ. ಕಾಗದ ಎತ್ತಿದಾಗ ಬಟ್ಟೆಯ ಮೇಲೆ ಚುಕ್ಕಿಗಳ ಸಾಲು ಉಳಿದಿರುತ್ತದೆ. ಆ ಚುಕ್ಕಿಗಳ ಮೇಲೆ ಕೊಕ್ಕೆ ಓಡುತ್ತದೆ. ಲ್ಯೂನೆವಿಲ್ ಕ್ರಮದಲ್ಲಿ ಇನ್ನೊಂದು ಬೆರಗಿದೆ. ಬಟ್ಟೆಯ ಹಿಮ್ಮೈ ಮೇಲಿರುತ್ತದೆ, ಮಣಿಗಳು ಕೆಳಗೆ ಬೀಳುತ್ತವೆ. ಕೆಲಸ ಮಾಡುವವರು ಮಣಿಗಳನ್ನು ಬೆರಳಿನಿಂದ ತಡವಿ ತಿಳಿಯಬೇಕೇ ಹೊರತು ಕಣ್ಣಿನಿಂದಲ್ಲ.

ಈ ಹಂತದಲ್ಲಿ ಮೊದಲಿನ ಬಣ್ಣದ ಚಿತ್ರದ ಪರೀಕ್ಷೆ ನಡೆಯುತ್ತದೆ. 'ಇಲ್ಲಿ ಹೊಳಪು' ಎಂದು ಬಿಳಿ ಬಣ್ಣ ಚೆಲ್ಲಿದ ಜಾಗದಲ್ಲಿ ಮಣಿಯೋ, ಚಮಕಿಯೋ, ಹರಳೋ, ಸಾಲು ಅಡ್ಡವೋ ಉದ್ದವೋ, ಎಲ್ಲವನ್ನೂ ಯಾರೋ ನಿರ್ಧರಿಸಲೇಬೇಕು. ಚಿತ್ರ ಹೇಳದಿದ್ದರೆ ಕೈ ಹೇಳುತ್ತದೆ. ಹಲವು ಪ್ರಸಿದ್ಧ ಉಡುಪುಗಳ ಅಂದದಲ್ಲಿ ಅರ್ಧ ಪಾಲು ಹೀಗೆ ಹೆಸರಿಲ್ಲದ ಕೈಗಳು ನಿರ್ಧರಿಸಿದ್ದು ಎಂದು ನನಗೆ ಖಾತ್ರಿಯಾಗಿ ಅನಿಸುತ್ತದೆ. ಕಂಪ್ಯೂಟರ್ ಕ್ಷಣದಲ್ಲಿ ಕೊಡುವ ಹೊಳೆಹೊಳೆಯುವ ಉಡುಪಿನ ಚಿತ್ರಗಳನ್ನು ಆರಿ ಕೆಲಸದವರ ಮುಂದಿಟ್ಟರೆ ಅವರು ಕೇಳುವ ಮೊದಲ ಪ್ರಶ್ನೆಗೇ ಉತ್ತರವಿರುವುದಿಲ್ಲ.

ಹೆಸರಿನ ಪ್ರಶ್ನೆ ಚಿತ್ರ ಬರೆದವರನ್ನೂ ಬಿಟ್ಟಿಲ್ಲ. ಸ್ಟುಡಿಯೋಗಳಲ್ಲಿ ಡಿಸೈನರ್ ಬೇರೆ, ಅವರ ಮಾತು ಕೇಳಿ ಚಿತ್ರ ಬರೆಯುವ ಸ್ಕೆಚ್ ಕಲಾವಿದರು ಬೇರೆ. ಎಂಟು ಆಸ್ಕರ್ ಗೆದ್ದ ಈಡಿತ್ ಹೆಡ್ 1920ರ ದಶಕದಲ್ಲಿ ಪ್ಯಾರಾಮೌಂಟ್ ಸೇರಿದ್ದು ಸಹಪಾಠಿಗಳ ಚಿತ್ರಗಳನ್ನು ತೋರಿಸಿ. ಇದನ್ನು ಮುಂದೆ ಅವರೇ ಹೇಳಿಕೊಂಡರು. 1962ರ ಮೇ 19ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅಧ್ಯಕ್ಷ ಕೆನಡಿಯವರಿಗಾಗಿ ಹಾಡಿದಾಗ ಮರ್ಲಿನ್ ಮನ್ರೋ ತೊಟ್ಟಿದ್ದ ಉಡುಪು ಜೀನ್ ಲೂಯಿ ಅವರದೆಂದು ಲೋಕಕ್ಕೆ ಗೊತ್ತು. ಚಿತ್ರ ಬರೆದವರು ಅವರ ಬಳಿ ಕೆಲಸಕ್ಕಿದ್ದ ತರುಣ ಬಾಬ್ ಮ್ಯಾಕಿ. ಮೈಬಣ್ಣದ ತೆಳು ರೇಷ್ಮೆ, ಅದರ ಮೇಲೆ ಸುಮಾರು 2,500 ಹರಳು. ಚಿತ್ರದಲ್ಲಿ ಬಟ್ಟೆಯೇ ಇಲ್ಲದಂತೆ, ಮೈಮೇಲೆ ಬೆಳಕು ಮಾತ್ರ ಉಳಿದಂತೆ ಕಾಣುತ್ತದೆ. ಆ ಉಡುಪು 2016ರ ಹರಾಜಿನಲ್ಲಿ 48 ಲಕ್ಷ ಡಾಲರ್‌ಗೆ ಹೋಯಿತು.

ಮ್ಯಾಕಿ ಮುಂದೆ ತಮ್ಮ ಹೆಸರಿನಲ್ಲೇ ಬೆಳೆದರು. 1967ರಿಂದ 1978ರವರೆಗೆ ಟಿವಿಯ 'ಕ್ಯಾರೊಲ್ ಬರ್ನೆಟ್ ಷೋ'ಗೆ ವಾರವಾರವೂ ಉಡುಪು ಕೊಟ್ಟರು. 1986ರ ಆಸ್ಕರ್ ಸಮಾರಂಭಕ್ಕೆ ಗಾಯಕಿ ಶೆರ್ ಕಪ್ಪು ಗರಿಗಳ ದೊಡ್ಡ ತಲೆಯುಡುಗೆ ತೊಟ್ಟು ಬಂದದ್ದೂ ಅವರದೇ ಕೆಲಸ. ಜೀಗ್‌ಫೆಲ್ಡ್, ಎರ್ಟೆ, ಏಡ್ರಿಯನ್ ಎಲ್ಲರೂ ಮ್ಯಾಕಿಯ ಗೆರೆಯೊಳಗಿದ್ದಾರೆ. ಆದರೂ ಅದು ನಕಲಾಗದೆ ಉಳಿದದ್ದು ಯಾಕೆ? ಹಳೆಯ ಉಡುಪು ಹೇಗೆ ನಿಲ್ಲುತ್ತಿತ್ತು ಎಂಬುದು ಅವರಿಗೆ ವರ್ಕ್‌ರೂಮಿನಲ್ಲೇ ತಿಳಿದಿತ್ತು. ಅವರ ಉಡುಪುಗಳನ್ನು ವರ್ಷಗಟ್ಟಲೆ ಕಟ್ಟಿಕೊಟ್ಟ ಎಲಿಜಬೆತ್ ಕರ್ಟ್ನಿ ಹಿಂದೆ ಜೀನ್ ಲೂಯಿ ಅವರಿಗಾಗಿ ಕೆಲಸ ಮಾಡಿದವರು. ಚಿತ್ರಕ್ಕಿಂತ ಹೆಚ್ಚಾಗಿ ಆ ಕೈಯ ಮೂಲಕ ಹಳೆಯ ಹಾಲಿವುಡ್ ಟಿವಿ ಯುಗಕ್ಕೆ ದಾಟಿತು.

ನಮ್ಮ ಕಂಪನಿ ನಾಟಕಗಳಲ್ಲೂ ವೈಭವಕ್ಕೆ ಕೊರತೆ ಇರಲಿಲ್ಲ. ಗುಬ್ಬಿ ವೀರಣ್ಣನವರ ಕಂಪನಿ 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನೇ ತಂದಿತ್ತು. ಆ ಕಾಲದ ಪೌರಾಣಿಕ ಉಡುಪುಗಳಿಗೆ ರವಿವರ್ಮನ ಅಚ್ಚಿನ ಪಟಗಳೇ ಮಾದರಿಯಾಗಿದ್ದವು. ಆದರೆ ಡಿಸೈನರ್ ಬರೆದ ಚಿತ್ರದಿಂದ ಹುಟ್ಟಿ ಲೋಕವೆಲ್ಲ ಮೆಚ್ಚಿದ ಉಡುಪಿನ ಮಾತು ಬಂದರೆ ಭಾರತದಲ್ಲಿ ಎದ್ದು ಕಾಣುವ ಹೆಸರು ಭಾನು ಅಥೈಯಾ. ಬೆಳಗಾವಿಗೆ ನೆರೆಯ ಕೊಲ್ಹಾಪುರದಲ್ಲಿ 1929ರಲ್ಲಿ ಹುಟ್ಟಿ, ಮುಂಬೈಯ ಜೆಜೆ ಕಲಾಶಾಲೆಯಲ್ಲಿ ಕಲಿತು, 'ಈವ್ಸ್ ವೀಕ್ಲಿ' ಪತ್ರಿಕೆಗೆ ಫ್ಯಾಶನ್ ಚಿತ್ರ ಬರೆಯುತ್ತ ಈ ಹಾದಿಗೆ ಬಂದವರು. ಅವರ ಚಿತ್ರ ನೋಡಿ ಉಡುಪು ಬೇಕೆಂದವರು ಮೊದಲು, ಸಿನಿಮಾ ಆಮೇಲೆ. 1966ರ 'ಆಮ್ರಪಾಲಿ'ಗಾಗಿ ಅವರು ಅಜಂತಾದ ಭಿತ್ತಿಚಿತ್ರಗಳಿಗೆ ಹೋದರು. ಭಿತ್ತಿಯ ಮೇಲಿನ ಹೆಣ್ಣು ನಿಂತಿದ್ದಾಳೆ, ಕೂತಿದ್ದಾಳೆ. ವೈಜಯಂತಿಮಾಲಾ ಕುಣಿಯಬೇಕು, ಎದೆಯ ಪಟ್ಟಿ ಜಾರಬಾರದು, ಸೊಂಟದ ಕೆಳಗಿನ ಬಟ್ಟೆ ಹೆಜ್ಜೆಗೆ ಸಿಕ್ಕಿಕೊಳ್ಳಬಾರದು. ಅಜಂತಾವನ್ನು ಹಾಗೇ ಎತ್ತಿ ತಂದಿದ್ದರೆ ಮೊದಲ ತಿರುಗಣಿಗೇ ಬಿಚ್ಚಿಹೋಗುತ್ತಿತ್ತು. ಅಥೈಯಾ ಅದನ್ನು ಕುಣಿಯುವ ಮೈಗೆ ಒಗ್ಗಿಸಿದರು, ಮುಂದೆ ಪ್ರಾಚೀನ ಭಾರತವೆಂದರೆ ಸಿನಿಮಾದಲ್ಲಿ ಬಹುಕಾಲ ಅದೇ ಮಾದರಿಯಾಯಿತು. 'ಗಾಂಧಿ' ಚಿತ್ರಕ್ಕೆ ಜಾನ್ ಮೊಲೊ ಜೊತೆ ಆಸ್ಕರ್ ಹಂಚಿಕೊಂಡಾಗ ಅದು ಭಾರತೀಯರೊಬ್ಬರಿಗೆ ಸಿಕ್ಕ ಮೊದಲ ಆಸ್ಕರ್. ಅಷ್ಟು ಸಾದಾ ಉಡುಪಿನ ಸಿನಿಮಾಕ್ಕೆ ಆ ಗೌರವ ತಂದುಕೊಟ್ಟ ಕೈಯೇ 'ಆಮ್ರಪಾಲಿ'ಯ ಬೆಡಗನ್ನೂ ಬರೆದಿತ್ತು.

ಈ ಶೈಲಿಗೆ ಈಗ ಕೈಹಾಕುವವರಿಗೆ ಹೇಳಬಹುದಾದ ಕೆಲಸದ ಮಾತುಗಳು ಕೆಲವೇ. ಫ್ಯಾಶನ್ ಚಿತ್ರದಲ್ಲಿ ಮೈಯನ್ನು ಒಂಬತ್ತು ತಲೆಯಷ್ಟು ಎತ್ತರಕ್ಕೆ ಎಳೆಯುವುದು ರೂಢಿ. ಅದರ ಮೇಲೆ ಕಿರೀಟವನ್ನೂ ಅದೇ ಪ್ರಮಾಣದಲ್ಲಿ ಎಳೆದರೆ ನಿಜವಾದ ನರ್ತಕಿಯ ಮೇಲೆ ಅದು ಗೋಪುರವಾಗುತ್ತದೆ. ಆದ್ದರಿಂದ ಸಹಜ ಅಳತೆಯಲ್ಲಿ ಒಮ್ಮೆ ಬರೆದು ನೋಡಬೇಕು. ಕಪ್ಪು ಅಥವಾ ಗಾಢ ಬಣ್ಣದ ಕಾಗದದಲ್ಲಿ ಶುರುಮಾಡಿದರೆ ಹೊಳಪನ್ನು ಎಲ್ಲೆಂದರಲ್ಲಿ ಚೆಲ್ಲುವ ಚಪಲ ತಾನೇ ಕಡಿಮೆಯಾಗುತ್ತದೆ, ದೀಪ ಯಾವ ಕಡೆಯಿಂದ ಬರುತ್ತದೆಂದು ಮೊದಲೇ ಯೋಚಿಸಬೇಕಾಗುತ್ತದೆ. ಬಟ್ಟೆಯ ಚೂರನ್ನು ಕಾಗದದ ಅಂಚಿಗೆ ಪಿನ್ ಮಾಡುವ ಹಳೆಯ ಅಭ್ಯಾಸಕ್ಕೆ ಇನ್ನೂ ಬದಲಿ ಬಂದಿಲ್ಲ. ಮತ್ತೆ ಹಿಂಬದಿ. ಮುಂಭಾಗವನ್ನು ಪುಟ ತುಂಬ ಬರೆದು ಬೆನ್ನನ್ನು ಬರೆಯದೆ ಬಿಡುವವರೇ ಹೆಚ್ಚು. ಮೆಟ್ಟಿಲಿಳಿದು ಬಂದವಳು ತಿರುಗಿ ಹೋಗಲೇಬೇಕು. ಜಿಪ್ ಎಲ್ಲಿ, ಹುಕ್ ಎಲ್ಲಿ, ಚೌಕಟ್ಟಿನ ಪಟ್ಟಿ ಯಾವುದರ ಕೆಳಗೆ ಅಡಗಿದೆ, ಪರದೆಯ ಹಿಂದೆ ಅವಸರದಲ್ಲಿ ಇದನ್ನು ಯಾರು ಹೇಗೆ ಬಿಚ್ಚುತ್ತಾರೆ, ಇದೆಲ್ಲ ಮೂಲೆಯಲ್ಲೊಂದು ಪುಟ್ಟ ಚಿತ್ರದಲ್ಲಿ ಇರಬೇಕು. ಹೊಲಿಯುವವರು ಮೊದಲು ಹುಡುಕುವುದು ಅದನ್ನೇ.